ಇಂಗ್ಲೆಂಡಿನ ಕೌನ್ಸಿಲ್ ಲೆಕ್ಕಗಳಲ್ಲಿ ಆರೈಕೆ: ಛೇದದ ಸಮಸ್ಯೆ

ಇಂಗ್ಲೆಂಡಿನ 153 ಸ್ಥಳೀಯ ಕೌನ್ಸಿಲುಗಳಿಗೆ ವಯಸ್ಕರ ಸಾಮಾಜಿಕ ಆರೈಕೆಯ ಹೊಣೆ ಕಾನೂನಿನಿಂದಲೇ ಬಂದಿದೆ. ಕೈಲಾಗದ ಹಿರಿಯರನ್ನು ಬೆಳಗ್ಗೆ ಎಬ್ಬಿಸಿ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಬುದ್ಧಿಮಾಂದ್ಯರಿಗೆ ಆಸರೆಯ ವಸತಿ ಒದಗಿಸುವುದು, ಆಸ್ಪತ್ರೆಯಿಂದ ಬಂದವರು ಮತ್ತೆ ನಡೆದಾಡುವಂತೆ ನೋಡಿಕೊಳ್ಳುವುದು ಇದರಲ್ಲಿ ಸೇರುತ್ತವೆ. ನಮ್ಮಲ್ಲಿ ಇದು ಹೆಚ್ಚುಕಡಿಮೆ ಮನೆಮಂದಿಯ, ಅದರಲ್ಲೂ ಸೊಸೆ ಮತ್ತು ಹೆಣ್ಣುಮಕ್ಕಳ ಪಾಲಿಗೆ ಬಿದ್ದ ಕೆಲಸ. ಅದರ ಗಂಟೆಗಳನ್ನು ಯಾರೂ ಎಣಿಸುವುದಿಲ್ಲ. ಅಲ್ಲಿ ಎಣಿಸುತ್ತಾರೆ, ದಶಕಗಳಿಂದ ಎಣಿಸುತ್ತಲೇ ಬಂದಿದ್ದಾರೆ. ಹಣ, ಸಿಬ್ಬಂದಿ, ಸಾಧನೆ ಎಂಬ ಮೂರು ಬಾಬತ್ತುಗಳಲ್ಲಿ ಹೊರಬರುವ ಆ ಅಂಕಿಅಂಶಗಳನ್ನು ಹೇಗೆ ಓದಬೇಕು ಎಂಬುದು ಈ ಲೇಖನದ ಪ್ರಶ್ನೆ. ಈ ಮೂರು ಲೆಕ್ಕಗಳ ಛೇದಗಳು ಬೇರೆ ಬೇರೆಯಾಗಿರುವುದರಿಂದ ಅವು ಒಂದನ್ನೊಂದು ಪರೀಕ್ಷಿಸಲಾರವು, ಮತ್ತು ಮೂರರಿಂದಲೂ ಹೊರಗುಳಿಯುವವರು ಬಹುಪಾಲು ಒಂದೇ ಗುಂಪಿನವರು ಎಂಬುದು ನನ್ನ ವಾದ. ಮಕ್ಕಳ ಆರೈಕೆಯ ಲೆಕ್ಕಕ್ಕೆ ಬೇರೆಯೇ ಜಾಡು ಇರುವುದರಿಂದ ಅದನ್ನು ಇಲ್ಲಿ ಕೈಬಿಟ್ಟಿದ್ದೇನೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಬಹುದು. 1948ರ ರಾಷ್ಟ್ರೀಯ ನೆರವು ಕಾಯ್ದೆ ಹಳೆಯ ಬಡವರ ಕಾನೂನನ್ನು ಕೊನೆಗಾಣಿಸಿ, ಹಿರಿಯರ ವಸತಿಯನ್ನು ಕೌನ್ಸಿಲುಗಳಿಗೆ ಒಪ್ಪಿಸಿತು. ಸೀಬೋಮ್ ಸಮಿತಿಯ 1968ರ ವರದಿಯ ಫಲವಾಗಿ 1970ರ ಕಾಯ್ದೆ ಬಂದು, ಪ್ರತಿ ಕೌನ್ಸಿಲಿನಲ್ಲೂ ಸಮಾಜಸೇವಾ ಇಲಾಖೆಗಳು ಹುಟ್ಟಿಕೊಂಡವು. ಆದರೆ ಇಂದಿನ ಅಂಕಿಅಂಶಗಳ ಸ್ವರೂಪ ನಿರ್ಧಾರವಾದದ್ದು 1993ರ ಏಪ್ರಿಲಿನಲ್ಲಿ ಎನ್ನಬೇಕು. 1990ರ ಸಮುದಾಯ ಆರೈಕೆ ಕಾಯ್ದೆ ಅಂದು ಪೂರ್ಣವಾಗಿ ಜಾರಿಗೆ ಬಂತು. ಸಾಮಾಜಿಕ ಭದ್ರತೆಯ ಬಾಬತ್ತಿನಿಂದ ಕೌನ್ಸಿಲುಗಳಿಗೆ ವರ್ಗವಾದ ಹಣದಲ್ಲಿ ಶೇ. 85ರಷ್ಟನ್ನು ಖಾಸಗಿ ಮತ್ತು ಸ್ವಯಂಸೇವಾ ಸಂಸ್ಥೆಗಳ ಸೇವೆ ಕೊಳ್ಳಲೇ ಬಳಸಬೇಕೆಂಬ ಷರತ್ತು ಅದರ ಜೊತೆಗಿತ್ತು. 1992ರಲ್ಲಿ ಕೌನ್ಸಿಲ್ ಹಣದಿಂದ ನಡೆಯುವ ಮನೆ ಆರೈಕೆಯ ಗಂಟೆಗಳಲ್ಲಿ ಹೊರಗಿನವರ ಪಾಲು ಶೇ. 2ರಷ್ಟಿತ್ತು, 2010ರ ಹೊತ್ತಿಗೆ ಅದು ಐದರಲ್ಲಿ ನಾಲ್ಕು ಪಾಲನ್ನು ದಾಟಿತ್ತು. ಸೇವೆ ಮಾಡುತ್ತಿದ್ದ ಕೌನ್ಸಿಲ್ ಸೇವೆ ಕೊಳ್ಳುವ ಕೌನ್ಸಿಲಾಯಿತು. ಅದರ ಲೆಕ್ಕದ ಪುಸ್ತಕಗಳು ಮಾತ್ರ ಬಹುಕಾಲ ಹಳೆಯ ಅಂಕಣಗಳಲ್ಲೇ ನಡೆದವು.

ಆ ವರ್ಷಗಳ ಮನೆ ಆರೈಕೆಯ ಅಂಕಿಗಳನ್ನೇ ನೋಡಿ. ಪ್ರತಿ ಸೆಪ್ಟೆಂಬರಿನ ಒಂದು ವಾರವನ್ನು ಮಾದರಿಯಾಗಿ ಹಿಡಿದು ಗಂಟೆಗಳನ್ನೂ ಮನೆಗಳನ್ನೂ ಎಣಿಸುತ್ತಿದ್ದರು. ಹದಿನೈದು ವರ್ಷಗಳಲ್ಲಿ ಒಟ್ಟು ಗಂಟೆಗಳು ಎರಡು ಪಟ್ಟಿಗೂ ಮಿಕ್ಕಿ ಏರಿದವು. ಸೇವೆ ಪಡೆಯುವ ಮನೆಗಳು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದವು. ಮಂತ್ರಿಗಳು ಮೊದಲ ಸಾಲನ್ನು ಓದಿದರು, ಹಿರಿಯರ ಪರ ಸಂಘಟನೆಗಳು ಎರಡನೆಯದನ್ನು. ಎರಡೂ ನಿಜವೇ. ವಾರಕ್ಕೆ ಒಂದೆರಡು ಗಂಟೆ ಬಂದು ಕಸ ಗುಡಿಸಿ, ಅಂಗಡಿಯಿಂದ ಸಾಮಾನು ತಂದುಕೊಡುತ್ತಿದ್ದ ನೆರವು ನಿಂತು, ದಿನಕ್ಕೆ ಮೂರು ನಾಲ್ಕು ಸಲ ಹೋಗಲೇಬೇಕಾದಷ್ಟು ಸೋತವರ ಮೇಲೆ ಹಣ ಕೇಂದ್ರೀಕೃತವಾಯಿತು. 2003ರಲ್ಲಿ ಬಂದ ಅರ್ಹತಾ ನಿಯಮ ಅಗತ್ಯಗಳನ್ನು ತೀವ್ರಾತಿತೀವ್ರದಿಂದ ಅಲ್ಪದವರೆಗೆ ನಾಲ್ಕು ಮಟ್ಟಗಳಾಗಿ ವಿಂಗಡಿಸಿತು. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಆಯಾ ಕೌನ್ಸಿಲಿಗೆ ಬಿಟ್ಟ ವಿಷಯವಾಗಿತ್ತು. ಕಾಸು ಬಿಗಿಯಾದಂತೆ ಗೆರೆ ಮೇಲೇರುತ್ತಾ ಹೋಯಿತು. 2014ರ ಆರೈಕೆ ಕಾಯ್ದೆ ದೇಶಕ್ಕೆಲ್ಲ ಒಂದೇ ಗೆರೆ ತಂದದ್ದು 2015ರ ಏಪ್ರಿಲಿನಲ್ಲಿ.

ಈಗ ಹಣದ ಮಾತು. ಕೌನ್ಸಿಲುಗಳ ಒಟ್ಟು ಚಾಲ್ತಿ ವೆಚ್ಚ 2015-16ರಲ್ಲಿ ಸುಮಾರು 1,700 ಕೋಟಿ ಪೌಂಡ್, 2019-20ರಲ್ಲಿ 1,970 ಕೋಟಿ, 2022-23ರಲ್ಲಿ 2,370 ಕೋಟಿ. ಏಳು ವರ್ಷಗಳಲ್ಲಿ ಶೇ. 39ರ ಏರಿಕೆ. ಸಾಮಾನ್ಯ ಹಣದುಬ್ಬರವನ್ನು ಕಳೆದರೂ ಏರಿಕೆಯೇ ಉಳಿಯುತ್ತದೆ ಎಂದು ಸರ್ಕಾರಿ ಪ್ರಕಟಣೆಗಳು ತೋರಿಸುತ್ತವೆ. ನನಗೆ ಆ ಅಳತೆಗೋಲೇ ಸರಿಯೆನಿಸುವುದಿಲ್ಲ. ಆರೈಕೆಯ ಬೆಲೆಯಲ್ಲಿ ದೊಡ್ಡ ಪಾಲು ಕೂಲಿ, ಅದೂ ಕನಿಷ್ಠ ವೇತನಕ್ಕೆ ಅಂಟಿಕೊಂಡ ಕೂಲಿ. 2015ರ ಅಕ್ಟೋಬರಿನಲ್ಲಿ ವಯಸ್ಕರ ಕನಿಷ್ಠ ವೇತನ ಗಂಟೆಗೆ 6.70 ಪೌಂಡ್ ಇತ್ತು. 2016ರ ಏಪ್ರಿಲಿನಲ್ಲಿ 7.20 ಆಯಿತು, 2022ರ ಏಪ್ರಿಲಿಗೆ 9.50. ಅಂದರೆ ಶೇ. 42ರಷ್ಟು ಹೆಚ್ಚಳ. ಎಲ್ಲ ಖರ್ಚೂ ಕನಿಷ್ಠ ವೇತನವಲ್ಲ ನಿಜ. ಬಾಡಿಗೆ, ವಿಮೆ, ವಿದ್ಯುತ್ತು, ಮೇಲ್ವಿಚಾರಕರ ಸಂಬಳ ಎಲ್ಲವೂ ಇವೆ. ಹಾಗಿದ್ದರೂ, ಗಂಟೆಯ ಬೆಲೆಯಿಂದ ಭಾಗಿಸಿದರೆ ಏಳು ವರ್ಷಗಳ ಆ ಏರಿಕೆ ಬಹುಮಟ್ಟಿಗೆ ಕರಗಿಹೋಗುತ್ತದೆ. ದೀರ್ಘಾವಧಿ ನೆರವು ಪಡೆದವರ ಸಂಖ್ಯೆ ಇದಕ್ಕೆ ಹೊಂದುತ್ತದೆ: 2015-16ರಲ್ಲಿ ಸುಮಾರು 8.73 ಲಕ್ಷ, 2021-22ರಲ್ಲಿ 8.18 ಲಕ್ಷ, ಮರುವರ್ಷ ಸ್ವಲ್ಪ ಚೇತರಿಸಿ 8.35 ಲಕ್ಷ. ಇದೇ ಹೊತ್ತಿಗೆ ಜನರ ವಯಸ್ಸು ಏರುತ್ತಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 65 ದಾಟಿದವರು 2011ರ ಜನಗಣತಿಯಲ್ಲಿ 92 ಲಕ್ಷ ಇದ್ದರೆ 2021ರಲ್ಲಿ 1.11 ಕೋಟಿ.

ಇನ್ನೊಂದು ತೊಡಕೂ ಇದೆ. ಒಟ್ಟು ವೆಚ್ಚದಲ್ಲಿ ಸೇವೆ ಪಡೆದವರೇ ಕೊಟ್ಟ ಶುಲ್ಕವೂ ಅಡಗಿರುತ್ತದೆ. ಕೌನ್ಸಿಲ್ ಶುಲ್ಕ ಏರಿಸಿ ತನ್ನ ಹೊರೆ ಇಳಿಸಿಕೊಂಡರೂ ಒಟ್ಟು ವೆಚ್ಚದ ಗೆರೆ ಅಲುಗುವುದಿಲ್ಲ. ಇನ್ನು 23,250 ಪೌಂಡಿಗಿಂತ ಹೆಚ್ಚು ಆಸ್ತಿಯಿದ್ದವರು ಕೌನ್ಸಿಲಿನ ಹಣಕ್ಕೆ ಬಾಧ್ಯರಲ್ಲ; ಆರೈಕೆ ಗೃಹಕ್ಕೆ ಹೋಗುವವರಿಗೆ ಗಂಡನೋ ಹೆಂಡತಿಯೋ ಅದೇ ಮನೆಯಲ್ಲಿ ಉಳಿದಿರದಿದ್ದರೆ ಸ್ವಂತ ಮನೆಯೂ ಆಸ್ತಿಯ ಲೆಕ್ಕಕ್ಕೆ ಸೇರುತ್ತದೆ. ಈ ಮಿತಿ 2010ರಿಂದ ಕದಲಿಲ್ಲ. ಅದನ್ನು ಒಂದು ಲಕ್ಷಕ್ಕೆ ಏರಿಸಿ, ಜೀವಮಾನದ ಖರ್ಚಿಗೆ 86,000 ಪೌಂಡಿನ ಮೇಲ್ಮಿತಿ ಹಾಕುವ ಯೋಜನೆಯನ್ನು ಒಮ್ಮೆ ಮುಂದೂಡಿ, 2024ರ ಜುಲೈಯಲ್ಲಿ ರದ್ದು ಮಾಡಿದರು. ಮಿತಿ ನಿಂತಲ್ಲೇ ನಿಂತು ಬೆಲೆಗಳು ಏರಿದಾಗ, ಯಾವ ಮಂತ್ರಿಯೂ ಆದೇಶ ಹೊರಡಿಸದೆಯೇ ಪ್ರತಿವರ್ಷ ಒಂದಿಷ್ಟು ಜನ ಲೆಕ್ಕದಿಂದ ಜಾರುತ್ತಾರೆ. ಆರೈಕೆ ಗೃಹಗಳಲ್ಲಿರುವ ಮೂವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿ ಸ್ವಂತ ಹಣದಲ್ಲಿ ಇರುವವರು. ಕೌನ್ಸಿಲಿನ ಖರ್ಚಿನ ಪಟ್ಟಿಯಲ್ಲಿ ಅವರು ಇಲ್ಲವೇ ಇಲ್ಲ.

ಸಾಧನೆಯ ಸೂಚ್ಯಂಕಗಳಿಗೆ ಬಂದರೆ ಛೇದದ ಆಟ ಇನ್ನೂ ಸ್ಪಷ್ಟವಾಗುತ್ತದೆ. 2002ರ ಮೇ ತಿಂಗಳಲ್ಲಿ ಕೌನ್ಸಿಲುಗಳ ಸಮಾಜಸೇವೆಗೆ ಸೊನ್ನೆಯಿಂದ ಮೂರರವರೆಗೆ ನಕ್ಷತ್ರ ಕೊಡುವ ಪದ್ಧತಿ ಶುರುವಾಯಿತು. 2008ರಲ್ಲಿ ಸ್ಥಳೀಯ ಆಡಳಿತಕ್ಕೆಲ್ಲ ಸೇರಿ 198 ರಾಷ್ಟ್ರೀಯ ಸೂಚ್ಯಂಕಗಳು ಬಂದವು, ಎರಡೇ ವರ್ಷಕ್ಕೆ ಹೋದವು. 2011ರಿಂದ ಈಚೆಗೆ ವಯಸ್ಕರ ಆರೈಕೆಯ ಫಲಿತಾಂಶ ಚೌಕಟ್ಟು ನಡೆಯುತ್ತಿದೆ. ಅದರಲ್ಲಿ ಬಹುಕಾಲ ಬಾಳಿದ ಸೂಚ್ಯಂಕವೊಂದನ್ನು ಬಿಡಿಸಿ ನೋಡುವುದು ಲಾಭದಾಯಕ. ಆಸ್ಪತ್ರೆಯಿಂದ ಬಂದ 65 ದಾಟಿದವರಿಗೆ ಕೆಲವು ವಾರ ಚೇತರಿಕೆಯ ತರಬೇತಿ ಕೊಟ್ಟು, 91ನೇ ದಿನ ಅವರು ಮನೆಯಲ್ಲೇ ಇದ್ದಾರೆಯೇ ಎಂದು ನೋಡುತ್ತಿದ್ದರು. ದೇಶದ ಸರಾಸರಿ ಶೇ. 82ರ ಆಸುಪಾಸು ಇತ್ತು. ಕೇಳಲು ಚೆನ್ನ. ಆದರೆ ಜೊತೆಯಲ್ಲೇ ಪ್ರಕಟವಾಗುತ್ತಿದ್ದ ಎರಡನೇ ಭಾಗವನ್ನು ಓದಿದವರು ಕಡಿಮೆ: ಆಸ್ಪತ್ರೆಯಿಂದ ಬಿಡುಗಡೆಯಾದ ಹಿರಿಯರಲ್ಲಿ ಈ ಸೇವೆ ಸಿಕ್ಕವರು ಶೇ. 3ರಷ್ಟು ಮಾತ್ರ. ಯಾರಿಗೆ ಸೇವೆ ಕೊಡಬೇಕೆಂದು ಆರಿಸುವುದು ಕೌನ್ಸಿಲೇ, ಅಂಕ ಬರುವುದೂ ಕೌನ್ಸಿಲಿಗೇ. ಹೇಗೂ ಚೇತರಿಸಿಕೊಳ್ಳುವಂಥವರನ್ನು ಆರಿಸಿದರೆ 90 ದಾಟಬಹುದು. ಮರೆವಿನ ಕಾಯಿಲೆಯವರನ್ನೂ ಒಂಟಿ ಮುದುಕಿಯರನ್ನೂ ಸೇರಿಸಿಕೊಂಡ ಕೌನ್ಸಿಲ್ 75ಕ್ಕೆ ಕುಸಿಯಬಹುದು. ಆ 91 ದಿನಗಳಲ್ಲಿ ತೀರಿಕೊಂಡವರೂ ಮನೆಯಲ್ಲಿಲ್ಲದವರ ಲೆಕ್ಕಕ್ಕೇ ಸೇರುತ್ತಿದ್ದರು. ಜೊತೆಗೆ ಈ ಅಳತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಿಡುಗಡೆಯಾದವರದ್ದಾಗಿತ್ತು; 91ನೇ ದಿನ ಬೀಳುತ್ತಿದ್ದದ್ದು ಜನವರಿಯಿಂದ ಮಾರ್ಚಿನೊಳಗೆ. ಇಂಗ್ಲೆಂಡಿನ ಚಳಿಗಾಲದಲ್ಲಿ ಫ್ಲೂ ಎಷ್ಟು ಜೋರಾಗಿತ್ತು ಎಂಬುದೂ ಕೌನ್ಸಿಲಿನ ‘ಸಾಧನೆ’ಯೊಳಗೆ ಬೆರೆತಿರುತ್ತಿತ್ತು. ಇನ್ನು ಸಿಲ್ಲಿ ದ್ವೀಪಗಳಂತೆ ಒಟ್ಟು ಜನಸಂಖ್ಯೆಯೇ ಎರಡು ಸಾವಿರದ ಆಸುಪಾಸಿರುವ ಕೌನ್ಸಿಲಿನಲ್ಲಿ ಒಬ್ಬ ಅಜ್ಜಿಯ ಸೊಂಟ ಮುರಿದರೆ ಶೇಕಡಾವಾರು ಹತ್ತಿಪ್ಪತ್ತು ಅಂಶ ಏರುಪೇರಾಗಬಹುದು. ಅಂಥದ್ದನ್ನು ಲಂಡನ್ನಿನ ಪಟ್ಟಿಯ ಪಕ್ಕದಲ್ಲಿಟ್ಟು ಶ್ರೇಯಾಂಕ ಹಾಕುವುದು ತಮಾಷೆಯೇ ಸರಿ.

ವಾರ್ಷಿಕ ಬಳಕೆದಾರ ಸಮೀಕ್ಷೆಯಲ್ಲಿ ‘ತುಂಬಾ ತೃಪ್ತಿ’ ಎನ್ನುವವರು ವರ್ಷಾನುವರ್ಷ ಶೇ. 64ರ ಹತ್ತಿರವೇ ನಿಂತಿರುವುದಕ್ಕೂ ಇದೇ ಬಗೆಯ ಕಾರಣವಿದೆ. ಸೇವೆ ಸಿಕ್ಕವರನ್ನು ಮಾತ್ರ ಕೇಳುತ್ತಾರೆ. ಹೊಸಬರಿಂದ ವರ್ಷಕ್ಕೆ ಸುಮಾರು 20 ಲಕ್ಷ ಕೋರಿಕೆಗಳು ಬರುತ್ತವೆ. ಅರ್ಧಕ್ಕಿಂತ ಹೆಚ್ಚಿನವು ‘ಬೇರೆಡೆಗೆ ದಾರಿ ತೋರಿಸಲಾಯಿತು’ ಅಥವಾ ‘ಸೇವೆ ಕೊಡಲಿಲ್ಲ’ ಎಂಬಲ್ಲಿಗೆ ಮುಗಿಯುತ್ತವೆ. ಹಾಗೆ ಹಿಂದಿರುಗಿದವರಿಗೆ ಏನಾಯಿತೆಂದು ಯಾವ ಅಂಕಣವೂ ಕೇಳುವುದಿಲ್ಲ.

ಆಸ್ಪತ್ರೆಯಿಂದ ಬಿಡುಗಡೆ ವಿಳಂಬದ ಲೆಕ್ಕ ಇನ್ನೊಂದು ಪಾಠ. 2003ರ ಕಾಯ್ದೆಯ ಪ್ರಕಾರ ಸಾಮಾಜಿಕ ಆರೈಕೆ ತಡವಾದದ್ದರಿಂದ ರೋಗಿ ಹಾಸಿಗೆಯಲ್ಲೇ ಉಳಿದರೆ ಕೌನ್ಸಿಲ್ ದಿನಕ್ಕೆ 100 ಪೌಂಡ್, ಲಂಡನ್ ಮತ್ತು ಆಗ್ನೇಯ ಭಾಗದಲ್ಲಿ 120 ಪೌಂಡ್ ತೆರಬೇಕಿತ್ತು. ಆಗಿನಿಂದ ತಡ ಯಾರದ್ದೆಂಬುದೇ ಜಗಳದ ವಸ್ತುವಾಯಿತು. ಒಂದೇ ಹಾಸಿಗೆಯ ಒಂದೇ ರೋಗಿಯನ್ನು ಆರೋಗ್ಯ ಸೇವೆಯ, ಕೌನ್ಸಿಲಿನ ಅಥವಾ ಇಬ್ಬರ ಖಾತೆಗೂ ಬರೆಯಬಹುದಿತ್ತು. ಕೋವಿಡ್ ಬಂದೊಡನೆ, 2020ರ ಮಾರ್ಚಿನಲ್ಲಿ, ಆ ಸಂಗ್ರಹವನ್ನೇ ನಿಲ್ಲಿಸಿದರು, ಮತ್ತೆ ಆರಂಭಿಸಲಿಲ್ಲ.

ಸಿಬ್ಬಂದಿಯ ವಿಷಯದಲ್ಲಿ ಅಂಕಿಗಳು ಹೆಚ್ಚು ಪ್ರಾಮಾಣಿಕ, ಆದರೆ ಅವು ಕೌನ್ಸಿಲಿನವಲ್ಲ. 2011ರ ನಂತರದ ದಶಕದಲ್ಲಿ ಕೌನ್ಸಿಲುಗಳ ವಯಸ್ಕರ ಆರೈಕೆಯ ಹುದ್ದೆಗಳು ಕಾಲು ಭಾಗಕ್ಕೂ ಮಿಕ್ಕಿ ಕಡಿಮೆಯಾದವು. ಇದನ್ನು ಬರಿಯ ಕಡಿತವೆಂದು ಓದಿದರೆ ತಪ್ಪಾಗುತ್ತದೆ. ಬಹಳಷ್ಟು ಹುದ್ದೆಗಳು ಗುತ್ತಿಗೆ ಸಂಸ್ಥೆಗಳಿಗೆ ಸರಿದವು, ಸಂಬಳ ಮತ್ತು ಪಿಂಚಣಿ ಅಲ್ಲಿ ಕುಗ್ಗಿದವು. ಇಡೀ ರಂಗದ ಲೆಕ್ಕವನ್ನು ಸ್ಕಿಲ್ಸ್ ಫಾರ್ ಕೇರ್ ಸಂಸ್ಥೆ ಇಡುತ್ತದೆ. ಕೌನ್ಸಿಲುಗಳು ಮಾಹಿತಿ ಕೊಡಲೇಬೇಕು. ಖಾಸಗಿಯವರು ಇಷ್ಟವಿದ್ದರೆ ಕೊಡುತ್ತಾರೆ, ಉಳಿದದ್ದನ್ನು ಅಂದಾಜಿನಿಂದ ತುಂಬುತ್ತಾರೆ. 2022-23ರಲ್ಲಿ ತುಂಬಿದ ಹುದ್ದೆಗಳು 16.35 ಲಕ್ಷ, ಖಾಲಿ 1.52 ಲಕ್ಷ, ಒಂದೇ ವರ್ಷದಲ್ಲಿ ಕೆಲಸ ಬಿಟ್ಟವರು ಶೇ. 28.3. ಮನೆಮನೆಗೆ ಹೋಗುವ ಸಹಾಯಕಿ ತಿಂಗಳಿಗೊಬ್ಬಳಂತೆ ಬದಲಾದರೆ ಮರೆವಿನ ಮುದುಕನಿಗೆ ಅದೇನು ಆರೈಕೆ ಎಂದು ಕೇಳಬೇಕು. ಆದರೆ ಈ ಅಂಕಿಯನ್ನು ಆಯಾ ಕೌನ್ಸಿಲಿನ ತೃಪ್ತಿಯ ಅಂಕದ ಜೊತೆ ಹೊಂದಿಸಿ ನೋಡುವುದು ಕಷ್ಟ. ಒಂದು ಲೆಕ್ಕದ ಘಟಕ ಹುದ್ದೆ, ಇನ್ನೊಂದರದ್ದು ವ್ಯಕ್ತಿ, ಖರ್ಚಿನದ್ದು ಗುತ್ತಿಗೆ. ಒಂದೇ ಗುತ್ತಿಗೆದಾರ ಸಂಸ್ಥೆ ನಾಲ್ಕು ಕೌನ್ಸಿಲುಗಳಿಗೂ, ಸ್ವಂತ ಹಣ ಕೊಡುವವರಿಗೂ ಒಂದೇ ಸಿಬ್ಬಂದಿಯಿಂದ ಸೇವೆ ಕೊಡುತ್ತಿರಬಹುದು.

2023ರ ಏಪ್ರಿಲಿನಿಂದ ಕೌನ್ಸಿಲುಗಳು ಒಟ್ಟು ಮೊತ್ತಗಳ ಬದಲು ವ್ಯಕ್ತಿವಾರು ದಾಖಲೆಗಳನ್ನು ಮೂರು ತಿಂಗಳಿಗೊಮ್ಮೆ ಕಳಿಸುವುದು ಕಡ್ಡಾಯವಾಗಿದೆ. ಅದನ್ನು ಆರೋಗ್ಯ ಸೇವೆಯ ದಾಖಲೆಯೊಡನೆ ಜೋಡಿಸಬಹುದು. ಸೇವೆ ಸಿಗದೆ ಹಿಂದಿರುಗಿದವರು ಆರು ತಿಂಗಳಲ್ಲಿ ತುರ್ತು ಚಿಕಿತ್ಸೆಗೆ ಬಂದರೇ ಎಂಬ ಪ್ರಶ್ನೆಗೆ ಇದರಿಂದ ಉತ್ತರ ಹುಡುಕಬಹುದು. ದೊಡ್ಡ ಸುಧಾರಣೆಯೇ. ಆದರೆ ಕೌನ್ಸಿಲಿಗೆ ಫೋನನ್ನೇ ಮಾಡದ ಸ್ವಂತ ಹಣದವರು ಇಲ್ಲಿಯೂ ಕಾಣರು, ಸಂಬಳವಿಲ್ಲದೆ ತಾಯಿಯನ್ನು ನೋಡಿಕೊಳ್ಳುವ ಮಗಳೂ ಬಹುಪಾಲು ಕಾಣಳು. ಆರೈಕೆ ಮಾಡುವ ಕೂಲಿಯವಳಂತೂ ಇಲ್ಲವೇ ಇಲ್ಲ.

ಈ ಕೊನೆಯ ಕೊರತೆ ಭಾರತಕ್ಕೂ ಸಂಬಂಧಿಸಿದ್ದು. 2022ರ ಫೆಬ್ರವರಿಯಲ್ಲಿ ಆರೈಕೆ ಕಾರ್ಮಿಕರಿಗೆ ವೀಸಾ ಬಾಗಿಲು ತೆರೆದಾಗ ಹೋದವರಲ್ಲಿ ಜಿಂಬಾಬ್ವೆ, ನೈಜೀರಿಯಾಗಳ ಜೊತೆ ಭಾರತೀಯರೂ ಮುಂಚೂಣಿಯಲ್ಲಿದ್ದರು. 2023-24ರಲ್ಲಿ ಹೊರದೇಶಗಳಿಂದ ಬಂದು ಕೆಲಸಕ್ಕೆ ಸೇರಿದವರು ಸುಮಾರು 1.05 ಲಕ್ಷ. ಖಾಲಿ ಹುದ್ದೆಗಳ ಪ್ರಮಾಣ 2022-23ರ ಶೇ. 9.9ರಿಂದ 8.3ಕ್ಕೆ, 2024-25ರಲ್ಲಿ 7.0ಕ್ಕೆ ಇಳಿಯಿತು. ಆ ಇಳಿಕೆಯ ಹಿಂದೆ ಕೌನ್ಸಿಲುಗಳ ನೀತಿಗಿಂತ ಗೃಹ ಇಲಾಖೆಯ ವೀಸಾ ನೀತಿಯ ಕೈ ದೊಡ್ಡದು, ಆದರೆ ಕೌನ್ಸಿಲುಗಳ ಸಾಧನೆಯ ಪಟ್ಟಿಯಲ್ಲಿ ಅದಕ್ಕೊಂದು ಅಂಕಣವಿಲ್ಲ. 2024ರ ಮಾರ್ಚಿನಿಂದ ಕುಟುಂಬದವರನ್ನು ಕರೆದೊಯ್ಯುವ ಅವಕಾಶ ನಿಂತಿತು. 2025ರ ಜುಲೈ 22ರಿಂದ ಹೊರದೇಶಗಳಿಂದ ಹೊಸ ನೇಮಕಾತಿಯೇ ನಿಂತಿತು. ಮುಂದಿನ ವರ್ಷಗಳಲ್ಲಿ ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲೇ ಉಳಿದವರ ಶೇಕಡಾವಾರು ಕುಸಿದರೆ, ಕೌನ್ಸಿಲನ್ನು ದೂರುವ ಮುನ್ನ ಸಂಶೋಧಕರು ಆ ಊರಿನ ಗುತ್ತಿಗೆ ಸಂಸ್ಥೆಗಳ ಖಾಲಿ ಹುದ್ದೆಗಳ ಪಟ್ಟಿಯನ್ನು ತರಿಸಿಕೊಂಡು ನೋಡಬೇಕಾಗುತ್ತದೆ.