‘ಅಲೇ’ ಎಂದರೇನು? ಭಯ ಹೋಗಲಾಡಿಸುವ ಇಂಗ್ಲಿಷ್ ಪದದ ಅರ್ಥ, ಬಳಕೆ ಇಲ್ಲಿದೆ

ಇಂಗ್ಲಿಷ್ ಸುದ್ದಿ ಓದುವವರ ಕಣ್ಣಿಗೆ ‘ಅಲೇ ಫಿಯರ್ಸ್’ ಎಂಬ ಜೋಡಿಪದ ಆಗಾಗ ಬೀಳುತ್ತದೆ. ಸಾಂಕ್ರಾಮಿಕ ರೋಗ, ಬ್ಯಾಂಕ್ ಬಿಕ್ಕಟ್ಟು, ವದಂತಿ ಹೀಗೆ ಜನರಲ್ಲಿ ಆತಂಕ ಹುಟ್ಟಿದಾಗಲೆಲ್ಲ ಈ ಕ್ರಿಯಾಪದ ಶೀರ್ಷಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಅರ್ಥವೇನು?

ಎ, ಎಲ್, ಎಲ್, ಎ, ವೈ ಎಂಬ ಐದು ಅಕ್ಷರಗಳ ಈ ಪದದ ಉಚ್ಚಾರಣೆ ‘ಅಲೇ’. ಒತ್ತು ‘ಲೇ’ ಮೇಲೆ. ಭಯ, ಸಂಶಯ, ಆತಂಕವನ್ನು ತಗ್ಗಿಸುವುದು, ಶಮನಗೊಳಿಸುವುದು, ಹೋಗಲಾಡಿಸುವುದು ಎಂಬುದು ಇದರ ಅರ್ಥ. ಹಳೆಯ ಇಂಗ್ಲಿಷ್‌ನಲ್ಲಿ ‘ಕೆಳಗಿಡು’ ಎಂಬ ಅರ್ಥವಿದ್ದ ಪದದಿಂದ ಇದು ಬಂದಿದೆ. ಭೂತಕಾಲದ ರೂಪ ‘ಅಲೇಡ್’.

ಪಿಂಪ್ರಿ-ಚಿಂಚವಾಡದ ಉದಾಹರಣೆ

2025ರ ಜನವರಿಯಲ್ಲಿ ಪುಣೆ ನಗರ, ಪಿಂಪ್ರಿ-ಚಿಂಚವಾಡ ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ಗಿಯಾನ್ ಬಾರೆ ಸಿಂಡ್ರೋಮ್ (ಜಿಬಿಎಸ್) ಪ್ರಕರಣಗಳು ಒಮ್ಮೆಲೇ ಏರಿದವು. ದೇಹದ ರೋಗನಿರೋಧಕ ವ್ಯವಸ್ಥೆಯೇ ನರಗಳ ಮೇಲೆ ದಾಳಿ ಮಾಡಿ, ಕೈಕಾಲುಗಳ ಶಕ್ತಿ ಕುಂದಿಸುವ ಕಾಯಿಲೆ ಇದು. ಕೆಲವರು ಸಾವನ್ನಪ್ಪಿದ್ದರಿಂದ ಜನ ಕಂಗಾಲಾದರು.

ಆಗ ಕೇಂದ್ರ ಆರೋಗ್ಯ ಸಚಿವಾಲಯ ತಜ್ಞರ ತಂಡ ಕಳುಹಿಸಿತು. ಜಿಬಿಎಸ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ನೀರನ್ನು ಕುದಿಸಿ ಕುಡಿಯಿರಿ ಎಂದು ವೈದ್ಯರು ತಿಳಿಹೇಳಿದರು. ಚಿಕಿತ್ಸೆಯ ದುಬಾರಿ ವೆಚ್ಚದ ಚಿಂತೆಯೂ ಇತ್ತು. ಪಿಂಪ್ರಿ-ಚಿಂಚವಾಡದ ರೋಗಿಗಳಿಗೆ ಅಲ್ಲಿನ ಯಶವಂತರಾವ್ ಚವ್ಹಾಣ್ ಸ್ಮಾರಕ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ನೀಡಲಾಗುವುದು ಎಂದು ಅಂದಿನ ಉಪಮುಖ್ಯಮಂತ್ರಿ ಅಜಿತ್ ಪವಾರ್ ಪ್ರಕಟಿಸಿದರು. ಇಂಥ ಪ್ರಯತ್ನವನ್ನು ಇಂಗ್ಲಿಷ್‌ನಲ್ಲಿ ಒಂದೇ ಪದದಲ್ಲಿ ಹೇಳುವುದಾದರೆ, ಅದೇ ‘ಅಲೇ’.

ಬಳಸುವುದು ಹೇಗೆ?

* ‘ಡಾಕ್ಟರ್ಸ್ ಟ್ರೈಡ್ ಟು ಅಲೇ ಪಬ್ಲಿಕ್ ಫಿಯರ್ಸ್’: ವೈದ್ಯರು ಜನರ ಭಯ ಹೋಗಲಾಡಿಸಲು ಯತ್ನಿಸಿದರು.
* ‘ದಿ ರಿಪೋರ್ಟ್ ಅಲೇಡ್ ಅವರ್ ಡೌಟ್ಸ್’: ವರದಿಯು ನಮ್ಮ ಸಂಶಯ ನಿವಾರಿಸಿತು.

ಈ ತಪ್ಪು ಮಾಡಬೇಡಿ

‘ಅಲೇ’ ಮಾಡುವುದು ಭಯವನ್ನು, ವ್ಯಕ್ತಿಯನ್ನಲ್ಲ. ‘ಅಲೇ ದಿ ಪೇಷೆಂಟ್’ ಎನ್ನುವುದು ತಪ್ಪು. ರೋಗಿಗೆ ಧೈರ್ಯ ಹೇಳಿದರು ಎನ್ನಲು ‘ರಿಅಶ್ಯೂರ್’ ಬಳಸಬೇಕು. ನೋವು ಕಡಿಮೆ ಮಾಡುವುದಕ್ಕೆ ಈಗ ಹೆಚ್ಚಾಗಿ ‘ಅಲೀವಿಯೇಟ್’ ಬಳಕೆಯಲ್ಲಿದೆ. ‘ಅಲೈ’ ಎಂದರೆ ಮಿತ್ರಕೂಟ ಕಟ್ಟುವುದು, ‘ಆಲಿ’ ಎಂದರೆ ಓಣಿ. ಕಾಗುಣಿತ ಹತ್ತಿರವಿದ್ದರೂ ಅರ್ಥ ಬೇರೆ.

ಇನ್ನೊಂದು ಸೂಕ್ಷ್ಮ ಗಮನಿಸಿ. ಭಯ ತಗ್ಗಿತು ಎಂದ ಮಾತ್ರಕ್ಕೆ ಅಪಾಯ ತಗ್ಗಿತು ಎಂದಲ್ಲ. ಶೀರ್ಷಿಕೆಯಲ್ಲಿ ಈ ಪದ ಕಂಡರೆ, ಬರೀ ‘ಹೆದರಬೇಡಿ’ ಎಂದಿದ್ದಾರೋ ಅಥವಾ ಹೆದರದಿರಲು ಕಾರಣವನ್ನೂ ಕೊಟ್ಟಿದ್ದಾರೋ ಎಂದು ಸುದ್ದಿಯ ಒಳಗೆ ಓದಿ ನೋಡುವುದು ಒಳ್ಳೆಯದು.