ಬೇಗಡೆಯ ಬಂಗಾರ

ಆದಿಲ್‌ಶಾಹಿ ಎಂದೊಡನೆ ನಾವು ಗೋಳಗುಮ್ಮಟವನ್ನೂ ಖಜಾನೆಯ ಮುತ್ತುರತ್ನಗಳನ್ನೂ ನೆನೆಯುತ್ತೇವೆ. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಆ ಅರಸೊತ್ತಿಗೆಯೂ ಅದರ ವೈಭವವೂ ಅಲ್ಲಿಗೆ ಮುಗಿದವು. ಆದರೆ ಬಿಜ್ಜರಗಿ, ತಿಕೋಟಾ ಸೀಮೆಯ ಬಡವರ ಹೊಳಪನ್ನು ಯಾವ ದಂಡೂ ಹೊತ್ತೊಯ್ಯುವಂತಿರಲಿಲ್ಲ. ಬೆಂಡು, ಬಿದಿರುಕಡ್ಡಿ, ಬೇಗಡೆ, ಅಂಟು, ಕತ್ತರಿ, ಇಷ್ಟೇ ಅದರ ಬಂಡವಾಳ.

ಒಂದೇ ಬೇಗಡೆ ಹಿಂದೂ ಮದುಮಕ್ಕಳ ಹಣೆಯಲ್ಲಿ ಬಾಸಿಂಗವಾಯಿತು, ನಮ್ಮ ದೂಲ್ಹನ ಸೆಹರಾದಲ್ಲಿ ಮಿಂಚಿತು. ಸಂತೋಷಕ್ಕೆ ಮಾತ್ರವಲ್ಲ, ಶೋಕಕ್ಕೂ ಒದಗಿತು: ಕರ್ಬಲಾದ ನೆನಪಿನ ತಾಬೂತಿಗೂ ಅದನ್ನೇ ಅಂಟಿಸಿದರು. ಆ ತಾಬೂತಿಗೆ ಹರಕೆ ಹೊತ್ತವರಲ್ಲಿ ಹಿಂದೂಗಳೂ ಇದ್ದರು, ಇಂದಿಗೂ ಇದ್ದಾರೆ.

ಅರಸರ ಒಡವೆಗಳನ್ನು ತವಾರೀಖುಗಳು ವರ್ಣಿಸಿದವು. ಬೇಗಡೆ ಕತ್ತರಿಸಿದ ಕೈಗಳನ್ನು ಮರೆತವು. ಜಾತಿಧರ್ಮ ಕೇಳಿಯೇ ನೆರೆಯವರನ್ನು ಮಾತಾಡಿಸುವ ಈ ದಿನಗಳಲ್ಲಿ, ಆ ಕೈಗಳ ಚರಿತ್ರೆ ಬರೆಯುವ ಬಾಕಿ ನಮ್ಮ ಮೇಲಿದೆ.