ಅಲಾಯ್ ಚಕ್ರ ಬಿರುಕು ಬಿಡುವುದೇಕೆ? ಟೈರಿನ ಪಾತ್ರವೇನು?

ಅಲಾಯ್ ಚಕ್ರ ಬಿರುಕು ಬಿಟ್ಟೊಡನೆ ಕಾರಿನ ಮಾಲೀಕರು ದೂರುವುದು ತಯಾರಕರನ್ನು, ಇಲ್ಲವೇ ರಸ್ತೆಯ ಗುಂಡಿಯನ್ನು. ಎರಡರಲ್ಲೂ ಹುರುಳಿರಬಹುದು. ಆದರೆ ಗುಂಡಿಗೂ ಚಕ್ರಕ್ಕೂ ನಡುವೆ ಇರುವ ಟೈರನ್ನು ವಿಚಾರಿಸುವವರು ವಿರಳ.

ಕಾರುಗಳ ಬಹುತೇಕ ಅಲಾಯ್ ಚಕ್ರಗಳು ಅಲ್ಯೂಮಿನಿಯಂಗೆ ಸುಮಾರು ಶೇ 7ರಷ್ಟು ಸಿಲಿಕಾನ್ ಹಾಗೂ ಅತ್ಯಲ್ಪ ಮೆಗ್ನೀಷಿಯಂ ಬೆರೆಸಿ ಎರಕ ಹೊಯ್ದವು. ಉಕ್ಕಿನ ಚಕ್ರ ಏಟು ತಿಂದರೆ ಬಗ್ಗುತ್ತದೆ. ಎರಕದ ಅಲ್ಯೂಮಿನಿಯಂ ತುಸು ಬಗ್ಗಿ, ಬಳಿಕ ಸೀಳುತ್ತದೆ. ಅದೂ ಒಂದೇ ಏಟಿಗೆ ಆಗಬೇಕೆಂದೇನೂ ಇಲ್ಲ. ಕೂದಲೆಳೆಯಷ್ಟು ಸಣ್ಣ ಬಿರುಕು ಸಾವಿರಾರು ಸುತ್ತುಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಸಾಮಾನ್ಯವಾಗಿ ಅದು ಹುಟ್ಟುವುದು ಕಡ್ಡಿಗಳ ಆಸರೆಯಿಲ್ಲದ ಒಳಬದಿಯ ಅಂಚಿನಲ್ಲಿ. ಹೊರಗಿನಿಂದ ನೋಡಿದರೆ ಚಕ್ರ ಫಳಫಳ ಹೊಳೆಯುತ್ತಲೇ ಇರುತ್ತದೆ!

ಏಟಿನ ಬಿರುಸನ್ನು ಮೊದಲು ತಡೆದುಕೊಳ್ಳಬೇಕಾದದ್ದು ಟೈರಿನ ಪಕ್ಕದ ಗೋಡೆ, ಅರ್ಥಾತ್ ಸೈಡ್‌ವಾಲ್. 185/65 ಆರ್15 ಎಂಬ ಅಳತೆಯಲ್ಲಿ 185 ಎಂಬುದು ಮಿಲಿಮೀಟರ್ ಲೆಕ್ಕದ ಅಗಲ. ಅದರ ಶೇ 65, ಅಂದರೆ ಸುಮಾರು 120 ಮಿ.ಮೀ., ಸೈಡ್‌ವಾಲ್‌ನ ಎತ್ತರ. ಅಂದಕ್ಕಾಗಿ 17 ಇಂಚಿನ ಚಕ್ರ ಹಾಕಿಸಿ 205/45 ಟೈರ್ ತೊಡಿಸಿದರೆ ಈ ಎತ್ತರ 92 ಮಿ.ಮೀ.ಗೆ ಇಳಿಯುತ್ತದೆ. "ಹೊರಗಿನ ಅಳತೆ ಹೆಚ್ಚುಕಡಿಮೆ ಒಂದೇ, ಚಿಂತೆ ಬೇಡ" ಎಂದು ಅಂಗಡಿಯವರು ಹೇಳುವುದುಂಟು. ಮಾತು ಸುಳ್ಳಲ್ಲ, ಆದರೆ ಅರ್ಧಸತ್ಯ. ಗುಂಡಿಯ ಅಂಚು ತಾಗಿದಾಗ ಟೈರ್ ಪೂರ್ತಿ ಅದುಮಿ, ರಿಮ್ಮಿಗೇ ಏಟು ತಲುಪಲು ಇದ್ದ ಅಂತರದಲ್ಲಿ 28 ಮಿ.ಮೀ. ಕಡಿತವಾಗಿರುತ್ತದೆ.

ಭಾರ ಹೊರುವ ಸಾಮರ್ಥ್ಯವನ್ನೂ ಗಮನಿಸಬೇಕು. ಟೈರಿನ ಮೇಲೆ 88 ಎಂದಿದ್ದರೆ ಅದು 560 ಕಿಲೋ ಹೊರಬಲ್ಲದು. 84 ಎಂದಿದ್ದರೆ 500 ಕಿಲೋ ಮಾತ್ರ. ಮೂಲ ಟೈರಿಗಿಂತ ಕಡಿಮೆ ಸಂಖ್ಯೆಯದನ್ನು ಹಾಕಿಸುವುದು ಸರ್ವಥಾ ಸಲ್ಲದು. ಗಾಳಿ ಕಡಿಮೆಯಿದ್ದರಂತೂ ಎತ್ತರದ ಟೈರೂ ಚಕ್ರವನ್ನು ಕಾಯಲಾರದು. ಅತಿಯಾಗಿ ತುಂಬಿಸಿದರೆ ಟೈರ್ ಬಿಗಿಯಾಗಿ, ಏಟು ನೇರವಾಗಿ ಚಕ್ರಕ್ಕೆ ಹೋಗುತ್ತದೆ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವ ಒತ್ತಡವನ್ನು ಟೈರ್ ತಣ್ಣಗಿದ್ದಾಗಲೇ ಪರೀಕ್ಷಿಸಬೇಕು. ಗುಂಡಿಗಳಿರುವ ರಸ್ತೆಯಲ್ಲಿ ನಿತ್ಯ ಓಡಾಡುವವರಿಗೆ ಕಂಪನಿಯೇ ಸೂಚಿಸಿದ ಅಳತೆಗಳ ಪೈಕಿ ಚಿಕ್ಕ ಚಕ್ರ, ಎತ್ತರದ ಟೈರ್ ಇರುವುದೇ ಲೇಸು.

ಬಿರುಕನ್ನು ವೆಲ್ಡಿಂಗ್ ಮಾಡಿಸುವುದು ಅಪಾಯಕರ. ಕಾರ್ಖಾನೆಯಲ್ಲಿ ಶಾಖ ಸಂಸ್ಕರಣೆಯಿಂದ ಬಂದ ಬಲ ವೆಲ್ಡಿಂಗ್ ಕಾವಿಗೆ ಆ ಜಾಗದಲ್ಲಿ ಕುಂದುತ್ತದೆ; ಅದರ ಪಕ್ಕದಲ್ಲೇ ಮತ್ತೆ ಸೀಳಬಹುದು. ಅಂತಹ ಚಕ್ರವನ್ನು ಬದಲಿಸಬೇಕು. ಪಂಕ್ಚರ್ ಇಲ್ಲದಿದ್ದರೂ ಟ್ಯೂಬ್‌ಲೆಸ್ ಟೈರಿನ ಗಾಳಿ ಪದೇ ಪದೇ ಇಳಿಯುತ್ತಿದ್ದರೆ, ಚಕ್ರ ಬಿಚ್ಚಿಸಿ ಒಳಬದಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು.